ಸ್ವರ ವಾಪಸ್ ಬಂತು, ಥ್ಯಾಂಕ್ಸ್ ಹೇಳೋದು ಬಾಕಿ ಉಂಟು

ಮೊನ್ನೆ ಭಾನುವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್ ಹಾಲಲ್ಲಿ ನಾಟಕ ಮುಗಿದ ಮೇಲೆ ಎಲ್ರಿಗೂ ಥ್ಯಾಂಕ್ಸ್ ಹೇಳ್ಬೇಕು ಅಂತ ಮೈಕ್ ಹಿಡಿದೆ, ಗಂಟಲು ಕಟ್ಟಿತು. ಆಪರೇಷನ್ ದೆಸೆಯಿಂದ ಅಲ್ಲ ಮಾರಾಯ್ರೆ, ಅಳು ಬಂದು. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಇಪ್ಪತ್ತು ವರ್ಷ ರೈಲ್ವೆ ಲೈನ್ ಪಕ್ಕದ ಶಾಲೇಲಿ ಪಾಠ, ರಜೆ ದಿನ ನಾಟಕ, ಎರಡೂ ಕಡೆ ಕಿರುಚಿದ್ದೇ ಕಿರುಚಿದ್ದು, ಕೊನೆಗೆ ಗಂಟಲೊಳಗಿನ ಸ್ವರತಂತು ಮೇಲೆ ಪಾಲಿಪ್, ಅಂದ್ರೆ ಒಂದು ಸಣ್ಣ ಗಂಟು. ಆಪರೇಷನ್ ಆದ್ಮೇಲೆ ಒಂದು ವಾರ ಮಾತು ಪೂರ್ತಿ ಬಂದ್, ಪಿಸುಮಾತೂ ಬೇಡ, ಅದಕ್ಕೂ ಗಂಟಲಿಗೆ ತ್ರಾಸೇ ಅಂದ್ರು ಡಾಕ್ಟರ್. ಮಗಳ ಹಳೇ ಸ್ಲೇಟು ಹಿಡ್ಕೊಂಡು ಕೂತೆ. ಮದುವೆ ಆದ್ಮೇಲೆ ಮನೇಲಿ ಇಷ್ಟು ಶಾಂತಿ ಇದೇ ಫಸ್ಟು ಅಂದ್ಳು ಹೆಂಡತಿ.

ಆ ವಾರ ಪೂರ್ತಿ ನಂಗೆ ಜೊತೆ ಅನಂತ್ ನಾಗ್. ಶುರು ಮಾಡಿದ್ದು 1975ರ 'ಹಂಸಗೀತೆ'ಯಿಂದ, ನಾಲಿಗೇನೇ ಕತ್ತರಿಸ್ಕೊಳ್ಳೋ ಸಂಗೀತಗಾರನ ಕಥೆ, ಮಾತು ಬಂದ್ ಆದವನು ನೋಡೋ ಸಿನಿಮಾನಾ ಅದು! ಹಾಡಿದ್ದು ಬಾಲಮುರಳಿಕೃಷ್ಣ, ಆದ್ರೂ ಆ ಮುಖ ನೋಡ್ತಿದ್ರೆ ಸ್ವರ ಅಲ್ಲಿಂದಲೇ ಹೊರಡ್ತಿದೆ ಅನ್ಸುತ್ತೆ. ಆಮೇಲೆ ನಗೋದಕ್ಕೆ 'ಗಣೇಶನ ಮದುವೆ' (ಗಂಟಲಿಗೆ ಪೆಟ್ಟಾಗದ ಹಾಗೆ ನಗೋದು ಒಂದು ಶಿಕ್ಷೆ), ಆಮೇಲೆ 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಮರೆವಿನ ಕಾಯಿಲೆಯ ವೆಂಕೋಬ ರಾವ್ ಆಗಿ ಅವ್ರು ಮೆಲ್ಲಗೆ ಒಂದು ಮಾತು ಶುರು ಮಾಡಿ ನಡುವೆ ನಿಲ್ಸಿದ್ರೆ ನಾವೇ ಉಸಿರು ಹಿಡ್ಕೊಂಡು ಕಾಯ್ತೇವೆ. ಆವತ್ತು ನಂಗೆ ಹೊಳೀತು, ಇಷ್ಟು ವರ್ಷ ನಾನು ಜೋರನ್ನೇ ಆ್ಯಕ್ಟಿಂಗ್ ಅಂದ್ಕೊಂಡಿದ್ದೆ.

ಅವ್ರು ಪಳಗಿದ್ದೂ ನಮ್ಮ ಮುಂಬೈಯಲ್ಲೇ ಅನ್ನೋದು ಹೆಮ್ಮೆ. ಚಿತ್ರಾಪುರ ಸಾರಸ್ವತರ ಮನೆ ಹುಡುಗ, ಓದೋಕೆ ಇಲ್ಲಿಗೆ ಬಂದು, ಕೊಂಕಣಿ ಕನ್ನಡ ಮರಾಠಿ ಮೂರೂ ಭಾಷೇಲಿ ನಾಟಕ ಮಾಡಿ, 1973ರಲ್ಲಿ 'ಸಂಕಲ್ಪ' ಸಿನಿಮಾ, ಮರುವರ್ಷ ಬೆನೆಗಲ್ ಅವರ 'ಅಂಕುರ್'. ಪದ್ಮಭೂಷಣ ಬಂದಿದ್ದು 2025ರಲ್ಲಿ, ತುಂಬಾ ಲೇಟಾಯ್ತು ಅಂತ ನನ್ನ ತಕರಾರು. ಸರ್, ಇದು ನಿಮ್ಮ ತನಕ ಮುಟ್ಟುತ್ತೋ ಇಲ್ವೋ, ದೊಡ್ಡ ನಮಸ್ಕಾರ.

ಸ್ಟ್ರಾ ಕೊಟ್ಟು ನೀರಲ್ಲಿ ಗುಳುಗುಳು ಮಾಡ್ಸಿ ಮಾಡ್ಸಿ ಸ್ವರ ಸರಿ ಮಾಡಿದ ಸ್ಪೀಚ್ ಥೆರಪಿಯ ಮರಾಠಿ ಹುಡುಗಿಗೆ ಥ್ಯಾಂಕ್ಸ್, ನಾನಿಲ್ಲದಾಗ ತಾವೇ ಸರದಿ ಹಾಕ್ಕೊಂಡು ಪಾಠ ಓದಿದ ಏಳನೇ ಕ್ಲಾಸಿನ ಮಕ್ಕಳಿಗೂ. ಎಲ್ಲಕ್ಕಿಂತ ನಮ್ಮ ಡೈರೆಕ್ಟರ್ ಅಣ್ಣನಿಗೆ. ಪಾತ್ರ ಬೇರೆಯವರಿಗೆ ಕೊಡಿ ಅಂತ ನಾನೇ ಸ್ಲೇಟಲ್ಲಿ ಬರೆದು ತೋರಿಸಿದ್ರೆ ಅವ್ರು ಅದನ್ನ ಕೈಯಲ್ಲೇ ಒರೆಸಿ ಚಾ ಕುಡಿದು ಹೋದ್ರು, ಮೂರು ತಿಂಗಳು ಕಾದ್ರು. ಕೊನೇ ಸೀನಲ್ಲಿ ಅಪ್ಪ ಮಗನ ಮೇಲೆ ಕೂಗಾಡ್ಬೇಕಿತ್ತು, ಮೆಲ್ಲಗೆ ಹೇಳಿ ನೋಡ್ಲಾ ಅಂತ ಕೇಳ್ದೆ, ನೋಡು ಅಂದ್ರು. ಆ ಮಾತು ಹೇಳುವಾಗ ಹಾಲಲ್ಲಿ ಫ್ಯಾನ್ ತಿರುಗೋ ಸದ್ದು ಮಾತ್ರ. ಹಿಂದಿನ ಸಾಲಲ್ಲಿದ್ದ ಡೊಂಬಿವಲಿಯ ಅಕ್ಕ ಒಬ್ರು ಆಮೇಲೆ ಬಂದು ಎಲ್ಲಾ ಕೇಳಿಸ್ತು ಅಂದ್ರು, ಅಷ್ಟು ಸಾಕಿತ್ತು ನಂಗೆ.

ಸ್ಲೇಟು ಮಗಳು ವಾಪಸ್ ಕೇಳ್ತಿದ್ದಾಳೆ. ಹೆಂಡತಿ ಕೊಡೋದಕ್ಕೆ ಬಿಡ್ತಿಲ್ಲ, ಮುಂದೆ ಬೇಕಾದೀತು ಅಂತೆ.