ಪೂರ್ತಿ ಕಥೆ ಅಂತ ಹಣ ತಗೊಂಡು ಹನ್ನೊಂದನೇ ರೌಂಡಿಗೇ ನಿಲ್ಲಿಸಿದ್ದೀರಿ

ಇವರಿಂದ:
ನಿಮ್ಮ ಒಬ್ಬ ಚಂದಾದಾರ,
ನಿವೃತ್ತ ಬ್ಯಾಂಕ್ ಮ್ಯಾನೇಜರ್, ಚಿತ್ರದುರ್ಗ

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕನ್ನಡ ಆಡಿಯೋ ಕಥೆಗಳ ಆ್ಯಪ್ ಕಂಪನಿ

ವಿಷಯ: 1923ರ ಶೆಲ್ಬಿ ಬಾಕ್ಸಿಂಗ್ ಪಂದ್ಯದ ಸರಣಿ ಅರ್ಧಕ್ಕೆ ನಿಂತಿರುವುದು, ಅದರಲ್ಲಿರುವ ತಪ್ಪುಗಳು ಮತ್ತು ಚಂದಾ ಹಣ ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ನಿಮ್ಮ ಆ್ಯಪ್‌ಗೆ ನಾನು ವರ್ಷದ ಚಂದಾ ಕಟ್ಟಿದ್ದು ಒಂದೇ ಒಂದು ಸರಣಿಗಾಗಿ. ಅಮೆರಿಕದ ಮೊಂಟಾನಾ ರಾಜ್ಯದ ಶೆಲ್ಬಿ ಅನ್ನೋ ಪುಟ್ಟ ಊರು ವಿಶ್ವ ಹೆವಿವೇಟ್ ಬಾಕ್ಸಿಂಗ್ ಪಂದ್ಯ ನಡೆಸಲು ಹೋಗಿ ಕೈ ಸುಟ್ಟುಕೊಂಡ ಕಥೆ. 1923ರ ಜುಲೈ 4ರಂದು ಚಾಂಪಿಯನ್ ಜಾಕ್ ಡೆಂಪ್ಸಿಗೂ ಅವನಿಗೆ ಸವಾಲು ಹಾಕಿದ ಟಾಮಿ ಗಿಬ್ಬನ್ಸ್‌ಗೂ ನಡೆದ ಪಂದ್ಯ ಅದು. ನಾಲ್ಕು ಭಾಗಗಳಲ್ಲಿ ಪೂರ್ತಿ ಕಥೆ ಅಂತ ನಿಮ್ಮ ಜಾಹೀರಾತಿನಲ್ಲೇ ಇತ್ತು. ಈ ಪಂದ್ಯದ ಬಗ್ಗೆ ನಾನು ಹಿಂದಿನಿಂದಲೂ ಓದಿಕೊಂಡು ಬಂದವನು. ಕನ್ನಡದಲ್ಲಿ ಯಾರೋ ಹೇಳ್ತಾರೆ ಅಂದಾಗ ಖುಷಿಯಿಂದಲೇ ದುಡ್ಡು ಕಟ್ಟಿದೆ.

ಮೊದಲು ನೇರ ದೂರು. ನಾಲ್ಕನೇ ಭಾಗದಲ್ಲಿ ಹನ್ನೊಂದನೇ ರೌಂಡಿನ ಗಂಟೆ ಬಾರಿಸುತ್ತದೆ, "ಗಿಬ್ಬನ್ಸ್ ಎಡಕ್ಕೆ ಸರಿದ" ಅನ್ನುವಷ್ಟರಲ್ಲಿ ದನಿ ಕಟ್ ಆಗುತ್ತದೆ. ಆಮೇಲೆ ಅಡುಗೆ ಎಣ್ಣೆಯ ಜಾಹೀರಾತು. ಅದಾದ ಮೇಲೆ ಯಾವುದೋ ದೆವ್ವದ ಕಥೆ ಶುರು. ನಿಮ್ಮ ಆ್ಯಪ್ ಮಾತ್ರ ಹಸಿರು ಟಿಕ್ ಹಾಕಿ "ಪೂರ್ಣಗೊಂಡಿದೆ" ಅಂತ ತೋರಿಸುತ್ತದೆ. ಪಂದ್ಯ ನಡೆದಿದ್ದು ಹದಿನೈದು ರೌಂಡ್ ಸ್ವಾಮಿ. ಮಿಕ್ಕ ನಾಲ್ಕು ರೌಂಡ್ ಎಲ್ಲಿ? ಪಂದ್ಯ ಮುಗಿದ ಮೇಲೆ ಊರಿಗೆ, ಬ್ಯಾಂಕುಗಳಿಗೆ ಏನಾಯಿತು ಅನ್ನೋದು ಎಲ್ಲಿ? ನಾನು ದುಡ್ಡು ಕೊಟ್ಟಿದ್ದೇ ಆ ಭಾಗಕ್ಕೆ.

ಇದನ್ನು ನಿಮ್ಮ ಗ್ರಾಹಕ ಸೇವೆಗೆ ಬರೆದರೆ "ನಿಮ್ಮ ಇಂಟರ್ನೆಟ್ ಸಂಪರ್ಕ ಪರೀಕ್ಷಿಸಿ" ಅಂತ ಉತ್ತರ ಬಂತು. ಎಣ್ಣೆ ಜಾಹೀರಾತು ಒಂದು ಅಕ್ಷರವೂ ತಪ್ಪದೆ ಕೇಳಿಸುವಾಗ ಇಂಟರ್ನೆಟ್‌ದು ಏನು ತಪ್ಪು? ಮತ್ತೆ ಬರೆದೆ. ಆ್ಯಪ್ ತೆಗೆದುಹಾಕಿ ಪುನಃ ಹಾಕಿಕೊಳ್ಳಿ ಅಂದರು. ಹಾಗೇ ಮಾಡಿದೆ. ಇಳಿಸಿಟ್ಟುಕೊಂಡಿದ್ದ ಬೇರೆ ಕಥೆಗಳೂ ಹೋದವು, ಇದು ಮಾತ್ರ ಹನ್ನೊಂದನೇ ರೌಂಡಿಗೇ ನಿಲ್ಲುತ್ತಿದೆ.

ಇನ್ನು ಕಥೆಯೊಳಗಿನ ತಪ್ಪುಗಳು. ಮೊದಲ ಭಾಗದ ಆರಂಭದಲ್ಲೇ ನಿಮ್ಮ ನಿರೂಪಕರು ಜಾಕ್ ಡೆಂಪ್ಸಿ ಎದುರಾಳಿಯನ್ನು ನಾಕೌಟ್ ಮಾಡಿದ ಅಂತ ಜೋರಾಗಿ ಹೇಳುತ್ತಾರೆ. ಶುದ್ಧ ಸುಳ್ಳು. ಟಾಮಿ ಗಿಬ್ಬನ್ಸ್ ಹದಿನೈದು ರೌಂಡ್ ಪೂರ್ತಿ ಕಾಲ ಮೇಲೆ ನಿಂತಿದ್ದ. ಡೆಂಪ್ಸಿ ಗೆದ್ದಿದ್ದು ರೆಫರಿ ತೀರ್ಪಿನ ಮೇಲೆ. ಆಗಿನ ಡೆಂಪ್ಸಿ ಮುಂದೆ ಅಷ್ಟು ಹೊತ್ತು ನಿಲ್ಲೋದೇ ದೊಡ್ಡ ಮಾತು. 1919ರ ಇದೇ ಜುಲೈ 4ರಂದು ಆಗಿನ ಚಾಂಪಿಯನ್, ದೈತ್ಯನಂಥ ವಿಲ್ಲಾರ್ಡ್‌ನನ್ನು ಹಣ್ಣು ಮಾಡಿ ಚಾಂಪಿಯನ್ ಆದವನು ಅವನು. ಇಡೀ ಪಂದ್ಯದಲ್ಲಿ ಮರ್ಯಾದೆ ಉಳಿಸಿಕೊಂಡವನು ಗಿಬ್ಬನ್ಸ್ ಒಬ್ಬನೇ. ಅವನನ್ನು ನೀವು ಮೊದಲ ನಿಮಿಷದಲ್ಲೇ ನೆಲಕ್ಕೆ ಕೆಡವಿದ್ದೀರಿ.

"ನಲವತ್ತು ಸಾವಿರ ಜನ ಕಿಕ್ಕಿರಿದು ಸೇರಿದ್ದರು" ಅನ್ನುವುದು ಎರಡನೇ ತಪ್ಪು. ಆ ಮರದ ಅಖಾಡದಲ್ಲಿ 40,208 ಜನ ಕೂರುವಷ್ಟು ಜಾಗ ಇತ್ತು, ನಿಜ. ಟಿಕೆಟ್ ಕೊಂಡು ಬಂದವರು ಬರೀ 7,702. ಐದರಲ್ಲಿ ಒಂದು ಪಾಲೂ ಇಲ್ಲ. ಕೊನೆಗೆ ದರ ಇಳಿಸಿದರು. ಅಷ್ಟಾದರೂ ದುಡ್ಡು ಕೊಡದೆ ಬೇಲಿ ನುಗ್ಗಿ ಒಳಗೆ ಬಂದವರೇ ಸಾವಿರಾರು. ಖಾಲಿ ಬೆಂಚುಗಳೇ ಈ ಕಥೆಯ ಜೀವ. ಅದನ್ನೇ ನೀವು ತುಂಬಿಸಿಬಿಟ್ಟರೆ ಊರು ಯಾಕೆ ಮುಳುಗಿತು ಅಂತ ಕೇಳುವವರಿಗೆ ಹೇಗೆ ಗೊತ್ತಾಗಬೇಕು?

ಮೂರನೆಯದು ನನಗೆ ಜಾಸ್ತಿ ಬೇಜಾರು ತಂದಿದ್ದು. ಡೆಂಪ್ಸಿಗೆ ಕೊಡಬೇಕಿದ್ದ ಹಣದ ಎರಡನೇ ಕಂತು ಹೊಂದಿಸಲಾಗದೆ ಊರಿನವರು ಡೆಂಪ್ಸಿಯ ಮ್ಯಾನೇಜರ್ ಜಾಕ್ ಕರ್ನ್ಸ್‌ಗೆ ಹಣದ ಬದಲು 50,000 ಕುರಿ ಕೊಡುತ್ತೇವೆ ಅಂದರು. ನಿಮ್ಮ ಸರಣಿಯಲ್ಲಿ ಇಲ್ಲಿ ಕುರಿಗಳು ಅರಚುವ ಸದ್ದು ಹಾಕಿದ್ದೀರಿ. ಅದರ ಮೇಲೆ ಜನ ಗೊಳ್ಳೆಂದು ನಗುವ ಸದ್ದು ಬೇರೆ. ನಾನು ಚಳ್ಳಕೆರೆ ಕಡೆಯ ಶಾಖೆಯಲ್ಲಿ ಇದ್ದಾಗ ಕುರಿ ಸಾಲ ಕೊಟ್ಟವನು, ವಸೂಲಿಗೆ ಹಟ್ಟಿ ಹಟ್ಟಿ ತಿರುಗಿದವನು. ಕುರಿ ಸಾಕುವ ಸೀಮೆಯಲ್ಲಿ ಕುರಿ ಅಂದರೆ ನಗದು. ಶೆಲ್ಬಿ ಸುತ್ತಮುತ್ತ ಇದ್ದಿದ್ದು ಗೋಧಿ ಹೊಲ ಮತ್ತು ಕುರಿ ಹಿಂಡು. ಕೈಯಲ್ಲಿ ಇದ್ದಿದ್ದನ್ನೇ ಅವರು ಮುಂದಿಟ್ಟರು. ಕರ್ನ್ಸ್ ಬೇಡ ಅಂದ, ಅದು ಅವನ ವ್ಯಾಪಾರ. ನಿಮ್ಮ ನಿರೂಪಕರು ಮಾತ್ರ ಅವನು ಕುರಿಗಳನ್ನು ತಗೊಂಡು ಹೋದ ಅಂತ ಹೇಳಿ ನಗುತ್ತಾರೆ. ತಗೊಳ್ಳಲೇ ಇಲ್ಲ ಮಹಾರಾಯರೇ. ಕಡೆಗೆ ಮೊಂಟಾನಾದ್ದೇ ಆದ ಗ್ರೇಟ್ ಫಾಲ್ಸ್ ಊರಿನ ಬ್ಯಾಂಕರ್ ಜಾರ್ಜ್ ಸ್ಟಾಂಟನ್ ಮುಂದೆ ನಿಂತು ಆ ಕಂತಿನ ಹಣ ಹೊಂದಿಸಿಕೊಟ್ಟರು.

ಸರಣಿ ಉದ್ದಕ್ಕೂ ನಿಮ್ಮ ಧಾಟಿ ಒಂದೇ: ಊರಿನವರು ದಡ್ಡರು, ಆಸೆಬುರುಕರು. ಬ್ಯಾಂಕಿನಲ್ಲಿ ಕರಾರು ಪತ್ರ ಓದಿ ಓದಿ ಕಣ್ಣು ಕೆಡಿಸಿಕೊಂಡವನಾಗಿ ಹೇಳ್ತೀನಿ, ಇಲ್ಲಿ ನೋಡಬೇಕಾದ್ದು ಕರಾರನ್ನು. 1920ರ ಜನಗಣತಿಯಲ್ಲಿ ಶೆಲ್ಬಿಯ ಜನಸಂಖ್ಯೆ 537. 1922ರಲ್ಲಿ ಹತ್ತಿರದಲ್ಲೇ ನೆಲದಡಿಯ ಖನಿಜ ತೈಲ ಸಿಕ್ಕಿತು, ಜನ ಬಂದು ತುಂಬಿದರು, ಜಾಗದ ಬೆಲೆ ಏರಿತು. ಊರಿನ ಹೆಸರು ಪೇಪರಿನಲ್ಲಿ ಬರಲಿ ಅಂತ ಮೇಯರ್ ಜೇಮ್ಸ್ ಜಾನ್ಸನ್ ಅವರ ಮಗ ಪಂದ್ಯಕ್ಕೆ 2 ಲಕ್ಷ ಡಾಲರ್ ಕೊಡುತ್ತೇವೆ ಅಂತ ತಂತಿ ಕಳಿಸಿದ. ಬರೀ ಪ್ರಚಾರಕ್ಕೆ ಬಿಟ್ಟ ಗಾಳಿ. ಅದು ನಿಜವಾಗಿ ಕೂತಿತು. ಕರಾರು ಆಗುವ ಹೊತ್ತಿಗೆ ಡೆಂಪ್ಸಿಗೆ 3 ಲಕ್ಷ ಡಾಲರ್ ಗ್ಯಾರಂಟಿ, ಒಂದೊಂದು ಲಕ್ಷದ ಮೂರು ಕಂತು. ಮೂರೂ ಪಂದ್ಯಕ್ಕೆ ಮೊದಲೇ ಕಟ್ಟಬೇಕು. ಗಿಬ್ಬನ್ಸ್‌ಗೆ ಪಾಲು ಸಿಗುವುದು ಡೆಂಪ್ಸಿಯ ಹಣ ಪೂರ್ತಿ ಸಂದ ಮೇಲೆ.

ಅಂದರೆ ಟಿಕೆಟ್ ಮಾರಿ ಬಂದ ಹಣದಲ್ಲಿ ಕಂತು ಕಟ್ಟಬೇಕು. ಕಂತು ಕಟ್ಟದಿದ್ದರೆ ಪಂದ್ಯ ಇಲ್ಲ ಅಂತ ಕರ್ನ್ಸ್ ಹೇಳ್ತಾನೆ. ಅದು ಪೇಪರಿನಲ್ಲಿ ಬರುತ್ತದೆ. ಪಂದ್ಯ ನಡೆಯುತ್ತೋ ಇಲ್ವೋ ಅಂತ ಜನ ಟಿಕೆಟ್ ತಗೊಳ್ಳೋದು ನಿಲ್ಲಿಸುತ್ತಾರೆ. ದೂರದ ಊರುಗಳಿಂದ ಬರಬೇಕಿದ್ದ ವಿಶೇಷ ರೈಲುಗಳೂ ರದ್ದಾದವು. ಪ್ರತಿ ಕಂತಿನ ಗಡುವೂ ಹೀಗೆ ಟಿಕೆಟ್ ಮಾರಾಟದ ಕುತ್ತಿಗೆ ಹಿಸುಕಿತು. ಮೂರನೇ ಕಂತು ಹುಟ್ಟಲೇ ಇಲ್ಲ. ಕರ್ನ್ಸ್ ಗೇಟ್ ಕಲೆಕ್ಷನ್ ಇಟ್ಟುಕೊಂಡು ಆಡಿಸಲು ಒಪ್ಪಿದ, ಆ ದುಡ್ಡು ಹಿಡಿದು ಊರು ಬಿಟ್ಟ. ಹದಿನೈದು ರೌಂಡ್ ಏಟು ತಿಂದ ಗಿಬ್ಬನ್ಸ್‌ಗೆ ಆ ಕಲೆಕ್ಷನ್‌ನಲ್ಲಿ ಬಿಡಿಗಾಸೂ ಇಲ್ಲ. ಈ ಲೆಕ್ಕ ನಿಮ್ಮ ಸರಣಿಯಲ್ಲಿ ಅರ್ಧ ನಿಮಿಷವೂ ಇಲ್ಲ. ಡೆಂಪ್ಸಿಯ ಹುಬ್ಬಿನ ವರ್ಣನೆ ಮಾತ್ರ ಬೇಕಾದಷ್ಟಿದೆ.

ಕೇಳಿಸದೇ ಹೋದ ಕೊನೆಯ ಭಾಗದಲ್ಲಿ ನೀವು ಏನು ಹೇಳಿದ್ದೀರೋ ಗೊತ್ತಿಲ್ಲ. ಆದರೆ ಮೂರನೇ ಭಾಗದ ಕೊನೆಗೆ "ಒಂದು ಪಂದ್ಯ ನಾಲ್ಕು ಬ್ಯಾಂಕ್ ನುಂಗಿತು" ಅಂತ ಮುನ್ಸೂಚನೆ ಕೊಟ್ಟಿದ್ದೀರಿ. ಪಂದ್ಯದ ಬೆನ್ನಲ್ಲೇ ನಾಲ್ಕು ಬ್ಯಾಂಕ್ ಬಾಗಿಲು ಹಾಕಿದ್ದು ಹೌದು, ಸ್ಟಾಂಟನ್ ಅವರದ್ದೂ ಅದರಲ್ಲಿ ಒಂದು. ಆದರೆ ಮೊಂಟಾನಾದಲ್ಲಿ ಅದಕ್ಕೂ ವರ್ಷಗಳ ಮೊದಲೇ ಬರ ಬಿದ್ದಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಗೋಧಿ ಬೆಲೆ ಕುಸಿದಿತ್ತು. ಆ ದಶಕದ ಮೊದಲರ್ಧದಲ್ಲಿ ರಾಜ್ಯದ ಸುಮಾರು ಅರ್ಧದಷ್ಟು ಬ್ಯಾಂಕುಗಳು ಮುಳುಗಿದವು, ಅವುಗಳಲ್ಲಿ ಬಹುಪಾಲಿಗೂ ಬಾಕ್ಸಿಂಗ್‌ಗೂ ಸಂಬಂಧವೇ ಇಲ್ಲ. ಪಂದ್ಯ ಕೊನೆಯ ತಳ್ಳು ಕೊಟ್ಟಿತು, ಅಷ್ಟೇ. ಅಮೆರಿಕದಲ್ಲಿ ಆಗ ಠೇವಣಿಗೆ ಕೇಂದ್ರ ಸರ್ಕಾರದ ವಿಮೆಯೂ ಇರಲಿಲ್ಲ, ಅದಕ್ಕೆ ಕಾನೂನು ಬಂದಿದ್ದು 1933ರಲ್ಲಿ. ನಮ್ಮಲ್ಲಿ ಇವತ್ತು 5 ಲಕ್ಷ ರೂಪಾಯಿವರೆಗೆ ಇದೆ. ಬ್ಯಾಂಕ್ ಮುಚ್ಚಿದ ದಿನ ಬಾಗಿಲ ಮುಂದೆ ನಿಂತವರ ಪಾಡು ಏನು ಅಂತ ಹೇಳದೆ ಇದನ್ನು ತಮಾಷೆ ಮಾಡೋದು ಸರಿ ಅಲ್ಲ.

ನನ್ನ ಬೇಡಿಕೆ ಇಷ್ಟು. ನಾಲ್ಕನೇ ಭಾಗವನ್ನು ಪೂರ್ತಿ ಹಾಕಿ. ನಾಕೌಟ್, ಪ್ರೇಕ್ಷಕರ ಸಂಖ್ಯೆ, ಕುರಿ, ಈ ಮೂರೂ ತಪ್ಪು ತಿದ್ದಿ, ತಿದ್ದಿದ್ದೇವೆ ಅಂತ ಸರಣಿಯ ವಿವರದಲ್ಲಿ ಬರೆಯಿರಿ. ಆ ನಗುವ ಸದ್ದು ತೆಗೆಯಿರಿ. ಇದು 15 ದಿನದೊಳಗೆ ಆಗದಿದ್ದರೆ ವರ್ಷದ ಚಂದಾ ಪೂರ್ತಿ ವಾಪಸ್ ಕೊಡಿ. ನಿಮ್ಮ ಆ್ಯಪ್‌ನ ಕೂಪನ್ ಬೇಡ, ಕಟ್ಟಿದ ಖಾತೆಗೇ ಹಣ ಬರಬೇಕು. ಹಣ ಕಟ್ಟಿದ ರಸೀದಿ, ಹಸಿರು ಟಿಕ್‌ನ ಫೋಟೋ, ನಿಮ್ಮ ಸಿಬ್ಬಂದಿ ಕಳಿಸಿದ ಉತ್ತರಗಳು ಇದರ ಜೊತೆ ಇವೆ.

ಉತ್ತರವನ್ನು ದಯವಿಟ್ಟು ಪತ್ರ ಓದಿದ ಮನುಷ್ಯರೊಬ್ಬರು ಬರೆಯಲಿ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲಿಂದ ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ನಿವೃತ್ತನಾದವನಿಗೆ ಪುರುಸೊತ್ತಿಗೇನೂ ಬರ ಇಲ್ಲ.

ಇಂತಿ,
ನಿಮ್ಮ ಚಂದಾದಾರ,
ಚಿತ್ರದುರ್ಗ