ಆ ಸಹಿಯನ್ನು ನಂಬಿ ಸಿನಿಮಾ ಮುಗಿಸಬೇಡ

ಪ್ರೀತಿಯ ಮಗಳೇ,

ಭಾನುವಾರ ರಾತ್ರಿ ನಿನ್ನ ಸಿನಿಮಾ ವಿಷಯಕ್ಕೆ ನಡೆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ. ನೀನು ಅರ್ಧ ಊಟಕ್ಕೇ ಎದ್ದು ಬ್ಯಾಗು ಹಿಡಿದು ಹೊರಟದ್ದು ಮಾತ್ರ ನಿಮ್ಮವ್ವನಿಗೆ ತುಂಬಾ ಬೇಜಾರಾಗಿದೆ. ನನಗೂ ಆಗಿದೆ. ಫೋನಿನಲ್ಲಿ ಮಾತಾಡಿದರೆ ನೀನೊಂದು ಅಂತೀಯ, ನಾನೊಂದು ಅಂತೀನಿ, ಮತ್ತೆ ಜಗಳ. ಅದಕ್ಕೇ ಕಾಗದ ಬರೆದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ವಾಟ್ಸಾಪಿನಲ್ಲಿ ಈ ವಿಷಯ ಬೇಡ. ಇದು ಎಡಿಟಿಂಗ್ ಮುಗಿಯುವುದರೊಳಗೆ ನಿನ್ನ ಕೈ ಸೇರಿದರೆ ಸಾಕು.

ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಈ ಸಿನಿಮಾ ಮಾಡಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. 2023ರ ಕೊನೆಯಲ್ಲಿ ನಮ್ಮ ಮಂಡ್ಯ ತಾಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟುಕೊಂಡು, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳಿ ಕಳಿಸುತ್ತಿದ್ದರು ಅಂತ ಪೇಪರಿನಲ್ಲಿ ಬಂತಲ್ಲ, ಅವತ್ತು ನನಗೆ ಊಟ ಸೇರಲಿಲ್ಲ. ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ ಅದು. ಮಕ್ಕಳು ಬಿಸಿ ಬೆಲ್ಲಕ್ಕೆ ಕೈ ಒಡ್ಡಿಕೊಂಡು ನಿಲ್ಲುವ ಜಾಗ. ಇದನ್ನು ನಮ್ಮ ಜಿಲ್ಲೆಯವರೇ ಹೇಳಬೇಕು ಅಂತ ನೀನು ಅಂದಾಗ, ನನ್ನ ಮಗಳು ಸರಿಯಾದ ಮಾತು ಆಡಿದಳು ಅಂತ ಹೆಮ್ಮೆ ಪಟ್ಟಿದ್ದೇನೆ. ಡೈರಿಗೆ ಬಂದವರಿಗೆಲ್ಲ ಹೇಳಿಕೊಂಡೂ ಇದ್ದೇನೆ.

ನನ್ನ ತಕರಾರು ಒಂದೇ. ಸ್ಕ್ಯಾನ್ ಮಾಡಿಸಿಕೊಂಡ ತನ್ನ ಕಥೆಯನ್ನು ನಿನ್ನ ಕ್ಯಾಮೆರಾ ಮುಂದೆ ಹೇಳಿಕೊಂಡಳಲ್ಲ, ಆ ಹೆಣ್ಣುಮಗಳದ್ದು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ಕಾಗದ ಯಾರ ಕೈಗೆ ಸಿಗುತ್ತದೋ ಏನೋ.

ಮುಖ ಮಸುಕು ಮಾಡುತ್ತೇನಪ್ಪ, ಯಾರಿಗೂ ಗೊತ್ತಾಗಲ್ಲ ಅಂದೆ. ಲ್ಯಾಪ್‌ಟಾಪಿನಲ್ಲಿ ತೋರಿಸಿದೆಯಲ್ಲ, ಆಗ ನಾನು ಅವಳ ಮುಖವನ್ನು ನೋಡಲೇ ಇಲ್ಲ ಕಣವ್ವ. ಜಗಲಿಯ ಮೇಲೆ, ಅವಳ ಪಕ್ಕದಲ್ಲೇ, ಹಾಲಿನ ಕ್ಯಾನು ಬೋರಲು ಹಾಕಿತ್ತು. ಅದರ ಮೇಲೆ ಕೆಂಪು ಪೇಂಟಿನಲ್ಲಿ ಬರೆದ ಸದಸ್ಯರ ನಂಬರು. ಆ ನಂಬರನ್ನು ನಾನು ದಿನಕ್ಕೆ ಎರಡು ಸಲ ರಿಜಿಸ್ಟರಿನಲ್ಲಿ ಬರೆಯುವವನು. ಹಿಂದೆ ಕೊಟ್ಟಿಗೆಯಲ್ಲಿ ಒಂದು ಕೊಂಬು ಕೆಳಕ್ಕೆ ಬಾಗಿದ ಹಸು. ನಮ್ಮೂರಲ್ಲಿ ಅಂಥ ಹಸು ಇನ್ನೊಂದಿಲ್ಲ. ಮಾತಿನ ನಡುವೆ 'ಏನು ಮಾಡಾದು, ಹೇಳಿ' ಅಂತಾಳಲ್ಲ, ಆ ಮಾತು ಕೇಳಿದರೆ ಕಣ್ಣು ಮುಚ್ಚಿಕೊಂಡು ಇಡೀ ಬೀದಿ ಅವಳ ಹೆಸರು ಹೇಳುತ್ತದೆ. ಮುಖ ಮಸುಕು ಮಾಡಿದರೆ ಮುಂಬೈಯವರಿಗೆ ಅವಳು ಯಾರೋ ಒಬ್ಬಳು. ಇಲ್ಲಿಯವರಿಗೆ ಹಾಗಲ್ಲ.

ಬೆಳಿಗ್ಗೆ ಆರಕ್ಕೆ ಡೈರಿ ಮುಂದೆ ಸಾಲು ನಿಲ್ಲುತ್ತದೆ. ಅವಳೂ ಅದರಲ್ಲಿ ನಿಲ್ಲುತ್ತಾಳೆ. ಕ್ಯಾನು ಇಳಿಸುತ್ತಾಳೆ, ಹುಡುಗ ಸ್ಯಾಂಪಲ್ ತೆಗೆಯುತ್ತಾನೆ, ಫ್ಯಾಟ್ ಬರುತ್ತದೆ, ಡಿಗ್ರಿ ಬರುತ್ತದೆ. ಅವಳ ಹಾಲಿಗೆ ಒಂದು ದಿನವೂ ಡಿಗ್ರಿ ಕಮ್ಮಿ ಬಂದದ್ದಿಲ್ಲ, ನೀರು ಬೆರೆಸುವವಳಲ್ಲ. ಸಾಲಿನಲ್ಲಿ ನಿಂತವರೆಲ್ಲರ ಕೈಯಲ್ಲೂ ಫೋನು. ನಿನ್ನ ಸಿನಿಮಾದ ಒಂದು ತುಂಡು, ಬರೀ ಒಂದು ನಿಮಿಷದ್ದು, ಯಾರಾದರೂ ಕತ್ತರಿಸಿ ಹಾಕಿದರೆ ಸಾಕು. ಮಾರನೇ ದಿನ ಅವಳು ಆ ಸಾಲಿನಲ್ಲಿ ಹೇಗೆ ನಿಲ್ಲುತ್ತಾಳೆ? ಅವಳ ಹಿಂದೆ ನಿಂತವಳು ಏನು ಅಂತಾಳೆ? ಅವಳ ಇಬ್ಬರು ಹೆಣ್ಣುಮಕ್ಕಳು ಸ್ಕೂಲಿಗೆ ಹೋಗುತ್ತವೆ. ನಿಮ್ಮವ್ವ ಮೂರನೇದನ್ನ ಏನು ಮಾಡಿದಳು ಅಂತ ಯಾರಾದರೂ ಆ ದೊಡ್ಡದನ್ನು ಕೇಳಿದರೆ? ರಾತ್ರಿ ಮಲಗಿದರೆ ಇದೇ ಬರುತ್ತದೆ. ಆ ಸಾಲು, ಆ ಫೋನುಗಳು, ಆ ನಂಬರು.

ಇನ್ನೊಂದು ವಿಷಯ ನೀನು ಯೋಚಿಸಿದ್ದೀಯೋ ಇಲ್ಲವೋ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಪತ್ತೆ ಮಾಡುವುದನ್ನು ತಡೆಯುವ 1994ರ ಕಾಯಿದೆಯನ್ನು ನೀನು ನನಗಿಂತ ಜಾಸ್ತಿ ಓದಿದ್ದೀಯ. ಸ್ಕ್ಯಾನ್ ಮಾಡಿಸಿಕೊಂಡ ಹೆಂಗಸಿನ ಮೇಲೆ ಗಂಡನೋ ನೆಂಟರೋ ಬಲವಂತ ಮಾಡಿದ್ದಾರೆ ಅಂತಲೇ ಕೋರ್ಟು ತಿಳಿಯಬೇಕು, ಹಾಗಲ್ಲ ಅಂತ ಸಾಬೀತಾಗುವವರೆಗೆ. ಒಳ್ಳೆಯ ಕಾನೂನು, ಅವಳನ್ನು ಕಾಪಾಡುತ್ತದೆ. ಆದರೆ ಸಿಕ್ಕಿಹಾಕಿಕೊಳ್ಳುವವನು ಅವಳ ಗಂಡ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಅದು ಅವನಿಗೆ ಆಗಬೇಕಾದದ್ದೇ ಅಂತೀಯ. ಆಗಲಿ. ಆದರೆ ಅವನು ಜೈಲಿಗೆ ಹೋಗುವ ಮುಂಚಿನ ದಿನಗಳನ್ನೂ, ಬಂದ ಮೇಲಿನ ದಿನಗಳನ್ನೂ ಅವಳು ಆ ಮನೆಯಲ್ಲೇ, ಆ ಅತ್ತೆಯ ಜೊತೆಯಲ್ಲೇ ಕಳೆಯಬೇಕು. ಕೇಸು ಹಾಕಬೇಕು ಅಂತ ಅವಳೇ ತೀರ್ಮಾನಿಸಿದರೆ ನಾನೇ ಸ್ಟೇಷನ್‌ಗೆ ಜೊತೆಗೆ ಹೋಗುತ್ತೇನೆ. ನಿನ್ನ ಸಿನಿಮಾ ಅವಳ ಪರವಾಗಿ ತೀರ್ಮಾನ ಮಾಡಬಾರದು.

ಸಹಿ ಹಾಕಿದ್ದಾಳಲ್ಲ ಅಂತ ನೀನು ಆ ಒಪ್ಪಿಗೆ ಫಾರಂ ತೋರಿಸಿದೆ. ಅವಳ ಸಹಿ ನನಗೆ ಚೆನ್ನಾಗಿ ಗೊತ್ತು. ಬಟವಾಡೆ ದಿನ ನಾನು ಬೆರಳಿಟ್ಟ ಕಡೆ ಸಹಿ ಹಾಕುತ್ತಾಳೆ, ಎಷ್ಟು ಅಂತ ಒಂದು ದಿನವೂ ಎಣಿಸಿಲ್ಲ. 'ನೀವು ಬರ್ದಿದ್ದೀರಲ್ಲ ಬುಡಿ' ಅಂತಾಳೆ. ನಿನ್ನ ಫಾರಂಗೂ ಹಾಗೇ ಹಾಕಿದ್ದಾಳೆ, ನೀನು ಡೈರಿ ಸೆಕ್ರೆಟರಿ ಮಗಳು ಅಂತ. ಆ ಫಾರಂ ಇಂಗ್ಲಿಷಿನಲ್ಲಿತ್ತು.

ನೀನು ಯಾವಾಗಲೂ ನಿರ್ದೇಶಕ ಶ್ಯಾಮ್ ಬೆನೆಗಲ್ ಅಂತೀಯಲ್ಲ, ಅವರ ಮಾತೇ ಆಡೋಣ. ನಾನು ಸೆಕ್ರೆಟರಿ ಆದ ಹೊಸದರಲ್ಲಿ ತರಬೇತಿಗೆ ಕರೆಸಿ ನಮಗೆ ಅವರ 'ಮಂಥನ್' ತೋರಿಸಿದ್ದರು. ನನ್ನ ಹಿಂದಿ ಅಷ್ಟಕ್ಕಷ್ಟೇ, ಆದರೂ ಒಂದು ಮಾತೂ ತಪ್ಪಿಹೋಗಲಿಲ್ಲ. ಗುಜರಾತಿನ ಹಳ್ಳಿ, ಹಾಲಿನ ಸೊಸೈಟಿ, ಜಾತಿ ಜಗಳ, ಎಲ್ಲ ನಮ್ಮೂರಿನದೇ. ನಮ್ಮ ಗಿರೀಶ ಕಾರ್ನಾಡರು ಡಾಕ್ಟರ್ ರಾವ್ ಆಗಿದ್ದರು. ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಸಿನಿಮಾ ಅದು. 1976ರಲ್ಲಿ ಅದು ಬಿಡುಗಡೆಯಾದಾಗ ಅವರೇ ಲಾರಿ ಮಾಡಿಕೊಂಡು ನೋಡಲು ಹೋದರಂತೆ. ಯಾರ ಕಥೆಯೋ ಅವರದೇ ದುಡ್ಡು, ನೋಡಿದವರೂ ಅವರೇ. ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಆದರೆ ಆ ಸಿನಿಮಾದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಸ್ಮಿತಾ ಪಾಟೀಲ್ ಮಾಡಿದ ಬಿಂದು. ಯಾವುದೋ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಡಾಕ್ಟರ ಮೇಲೆ ಇಲ್ಲದ ಆರೋಪ ಹೊರಿಸುತ್ತಾರೆ. ಕೊನೆಗೆ ಡಾಕ್ಟರು ರೈಲು ಹತ್ತಿ ಹೋಗುತ್ತಾರೆ. ಒಳ್ಳೆಯ ಮನುಷ್ಯ, ಊರಿಗೆ ಒಳ್ಳೆಯದನ್ನೇ ಮಾಡಲು ಬಂದವರು. ಆದರೂ ಅವರಿಗೆ ಹೋಗಲು ಒಂದು ಊರಿತ್ತು. ಬಿಂದು ಅಲ್ಲೇ ಉಳಿದಳು. ನೀನು ಎಷ್ಟೋ ಸಲ ನೋಡಿದ ಸಿನಿಮಾ, ನಾನು ಹೇಳಿಕೊಡಬೇಕಾ? ಆದರೂ ಹೇಳುತ್ತೇನೆ. ಭಾನುವಾರ ರಾತ್ರಿ ನೀನೂ ರೈಲು ಹತ್ತಿದೆ. ಸೋಮವಾರ ಬೆಳಿಗ್ಗೆ ಅವಳು ಹಾಲು ತಂದಳು. 'ಮಗಳು ಹೋದ್ರಾ ಸಾರ್?' ಅಂತ ಕೇಳಿದಳು. ಹ್ಞೂಂ ಅಂದೆ. ಮುಂದೆ ಏನು ಹೇಳಬೇಕೋ ತೋಚಲಿಲ್ಲ.

ಇನ್ನು ನಿನ್ನ ಜೀವನದ ಮಾತು. ಕೋಪ ಮಾಡಿಕೊಳ್ಳದೆ ಓದು. ಬೆಂಗಳೂರಿನಿಂದ ಜಾಹೀರಾತಿನ ಕೆಲಸ ಬಂದಾಗ ನೀನು ಬೇಡ ಅಂದೆ, ಸೋಪು ಮಾರಲು ನಾನು ಸಿನಿಮಾ ಕಲಿತಿಲ್ಲ ಅಂದೆ. ಬೆನೆಗಲ್ ಜಾಹೀರಾತು ಕಂಪನಿಯಲ್ಲಿ ಬರವಣಿಗೆ ಕೆಲಸಕ್ಕೆ ಸೇರಿದವರು. ನೂರಾರು ಜಾಹೀರಾತು ಚಿತ್ರ ಮಾಡಿದರು. ಮೊದಲ ಸಿನಿಮಾ 'ಅಂಕುರ್' ಕಥೆ ಕೈಯಲ್ಲಿಟ್ಟುಕೊಂಡು ವರ್ಷಗಟ್ಟಲೆ ದುಡ್ಡಿಗಾಗಿ ಕಾದರು. ಅದು ಬಂದದ್ದು 1974ರಲ್ಲಿ, ಆಗ ಅವರಿಗೆ 39. ಆಮೇಲೆ ನಿಲ್ಲಲೇ ಇಲ್ಲ. ನೇಕಾರರ ಮೇಲೆ 'ಸುಸ್ಮನ್' ಮಾಡಿದರು, ದೂರದರ್ಶನಕ್ಕೆ 53 ಕಂತಿನ 'ಭಾರತ್ ಏಕ್ ಖೋಜ್' ಮಾಡಿದರು, 80ರ ಹತ್ತಿರ ಬಂದಾಗ ಸಂವಿಧಾನ ರಚನೆಯ ಮೇಲೆ ಸರಣಿ ಮಾಡಿದರು. ಕೊನೆಯ ಸಿನಿಮಾ 2023ರಲ್ಲಿ ಬಂತು. ಮರುವರ್ಷ ಡಿಸೆಂಬರಿನಲ್ಲಿ, 90 ತುಂಬಿದ ಒಂಬತ್ತೇ ದಿನಕ್ಕೆ ಹೋದರು. ಅವತ್ತು ನೀನು ಫೋನಿನಲ್ಲಿ ಅತ್ತದ್ದು ನೆನಪಿದೆ. ಅಷ್ಟು ದೀರ್ಘ ಕೆಲಸ ಮಾಡಬೇಕಾದರೆ ಹೊಟ್ಟೆ ತುಂಬಿರಬೇಕು, ಬಾಡಿಗೆ ಕಟ್ಟಿರಬೇಕು. ಅವಸರಕ್ಕೆ ಬಿದ್ದವರ ಕೈಯಲ್ಲಿ ಇಂಥ ಕೆಲಸ ಹದಗೆಡುತ್ತದೆ. ಈಗ ನೀನು ಇದೇ ವಾರ, ಇದೇ ಫೆಸ್ಟಿವಲ್ ಅಂತ ಅಂದುಕೊಂಡಿರುವುದೂ ದುಡ್ಡಿನ ಒತ್ತಡಕ್ಕೇ ಅಂತ ನನಗನ್ನಿಸುತ್ತದೆ. ಸರಿಯಾಗಿ ತಿನ್ನು. ರಾತ್ರಿ ಎರಡು ಗಂಟೆವರೆಗೆ ಕೂತು ಕಣ್ಣು ಹಾಳು ಮಾಡಿಕೊಳ್ಳಬೇಡ. ಇದನ್ನೆಲ್ಲ ಬರೆಯಬಾರದು ಅಂದುಕೊಂಡೇ ಕೂತಿದ್ದೆ.

ಕೆಲಸದ ವಿಷಯದಲ್ಲಿ ನಾನು ಕೇಳುವುದು ಇಷ್ಟು. ಸಿನಿಮಾ ಯಾರಿಗೂ ಕಳಿಸುವ ಮುಂಚೆ ಅವಳು ನೋಡಬೇಕು. ಎಲ್ಲರಿಗಿಂತ ಮೊದಲು ಅವಳು. ನಮ್ಮ ಮನೆಯಲ್ಲಿ, ನಿಮ್ಮವ್ವನ ಪಕ್ಕ ಕೂತು. ನೋಡಿದ ಮೇಲೆ ಬೇಡ ಅಂದರೆ ತೆಗೆದುಬಿಡು, ಏನೇ ಆಗಲಿ. ಇರಲಿ ಅಂದರೆ ಯಾವುದು ಇರಲಿ, ಯಾವುದು ಬೇಡ ಅಂತ ಒಂದೊಂದಾಗಿ ಕೇಳು. ಕ್ಯಾನು, ಹಸು, ಜಗಲಿ, ದನಿ, ಎಲ್ಲ. ಫಾರಂ ಕನ್ನಡದಲ್ಲಿ ಬರೆಸು. ನಾನೇ ಓದಿ ಹೇಳುತ್ತೇನೆ, ಆದರೆ ಸಹಿ ಎಲ್ಲಿ ಹಾಕಬೇಕು ಅಂತ ನಾನು ಬೆರಳಿಟ್ಟು ತೋರಿಸುವುದಿಲ್ಲ. ಎರಡು ದಿನ ಅವಳ ಹತ್ತಿರವೇ ಇರಲಿ. ಎಡಿಟ್ ಮಾಡದ ರೆಕಾರ್ಡಿಂಗ್ ಇರುವ ಆ ಹಾರ್ಡ್ ಡಿಸ್ಕನ್ನು ಗೆಳತಿಯರ ರೂಮಿನಲ್ಲಿ ಬಿಡಬೇಡ.

ಅವಳ ಕಥೆ ಇಲ್ಲದೆ ಸಿನಿಮಾ ನಿಲ್ಲುವುದಿಲ್ಲ ಅಂದೆ. ಇರಬಹುದು, ಅದು ನಿನ್ನ ವಿದ್ಯೆ, ನನಗೆ ತಿಳಿಯದು. ಆದರೆ ಸ್ಕ್ಯಾನಿಂಗ್ ಮಿಷನ್ ಎಲ್ಲಿಂದ ಬಂತು, ಯಾರು ಮಾರಿದರು, ಯಾರು ಕಾರಿನಲ್ಲಿ ಕೂರಿಸಿಕೊಂಡು ಹೋದರು, ಒಂದಕ್ಕೆ ಎಷ್ಟು ತೆಗೆದುಕೊಂಡರು, ಅದನ್ನೂ ತೋರಿಸು. ಅವರ ಮುಖ ಮಸುಕು ಮಾಡಬೇಡ ಅಂತ ನಾನೇ ಹೇಳುತ್ತೇನೆ. ನಮ್ಮ ಜಿಲ್ಲೆಯ ಗಂಡಸರನ್ನು ಕ್ಯಾಮೆರಾ ಮುಂದೆ ಕೂರಿಸಿ ಕೇಳು. ಬೇಕಾದರೆ ಮೊದಲು ನನ್ನನ್ನೇ ಕೂರಿಸು. ನೀನು ಒಬ್ಬಳೇ ಹುಟ್ಟಿದಾಗ, ಇನ್ನೊಂದು ನೋಡಪ್ಪ ಅಂತ ಯಾರ್ಯಾರು ಹೇಳಿದರು, ಏನೇನು ಹೇಳಿದರು, ಎಲ್ಲ ಹೆಸರು ಹಿಡಿದು ಹೇಳುತ್ತೇನೆ. ನನ್ನ ಮುಖ, ನನ್ನ ದನಿ, ನನ್ನ ಡೈರಿ, ಎಲ್ಲ ತೋರಿಸು.

ಮುಂದಿನ ವಾರ ಅವಳ ಗಂಡ ಕಬ್ಬು ಕಡಿಯುವ ಕೆಲಸಕ್ಕೆ ಹೊರಗೆ ಹೋಗುತ್ತಾನಂತೆ. ಆಗ ಬಂದರೆ ಅನುಕೂಲ. ಫೆಸ್ಟಿವಲ್‌ನವರ ಹತ್ತಿರ ಸ್ವಲ್ಪ ದಿನ ಕೇಳಿ ನೋಡು. ಟಿಕೆಟ್‌ಗೆ ದುಡ್ಡು ಹಾಕುತ್ತೇನೆ, ಬೇಡ ಅನ್ನಬೇಡ. ಯಾವ ರೈಲು ಅಂತ ನಿಮ್ಮವ್ವನಿಗೆ ಫೋನ್ ಮಾಡು, ನನ್ನ ಜೊತೆ ಮಾತಾಡಲು ಮನಸ್ಸಿಲ್ಲದಿದ್ದರೂ ಸರಿ.

ಇಂತಿ,
ನಿನ್ನ ಅಪ್ಪ