ಮೆಶ್ ಹಾಕೋ ಮುಂಚೆ ಕನ್ನಡದಲ್ಲಿ ಹೇಳಿ

ಮಾನ್ಯ ಸಂಪಾದಕರೇ,

ನಮ್ಮ ಆಯಿಗೆ ಕೆಳಗಿನ ದವಡೆ ಹಲ್ಲು ಕೀಳಿಸಿ ನಾಲ್ಕೈದು ವರ್ಷ ಆಗಿತ್ತು. ಇಂಪ್ಲಾಂಟ್, ಅಂದ್ರೆ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದ್ರ ಮೇಲೆ ಕಟ್ಟೋ ಹಲ್ಲು, ಹಾಕ್ಸೋಣ ಅಂತ ಶಿರಸಿಯಿಂದ ಘಟ್ಟ ಇಳಿದು ಹೋದ್ರೆ, ಸ್ಕ್ಯಾನ್ ನೋಡಿದ ಡಾಕ್ಟ್ರು ಸ್ಕ್ರೂ ಕೂರೋಷ್ಟು ಮೂಳೆನೇ ಉಳಿದಿಲ್ಲ, ಮೆಶ್ ಹಾಕಿ ಬೆಳೆಸ್ಬೇಕು ಅಂದ್ರು, ನಾವು ಹೂಂ ಅಂದ್ವಿ, ಸಹಿ ಹಾಕಿದ ಕಾಗದ ಪೂರ್ತಿ ಇಂಗ್ಲಿಷಲ್ಲಿತ್ತು.

ಮೆಶ್ ಅಂದ್ರೆ ಟೈಟಾನಿಯಂದು ತೆಳ್ಳನೆ ಜಾಳಿಗೆ, ದಪ್ಪ ಹೆಚ್ಚುಕಮ್ಮಿ 0.2 ಮಿಲಿಮೀಟರ್. ಸವೆದ ಜಾಗಕ್ಕೆ ಮೂಳೆ ಪುಡಿ ತುಂಬಿ, ಮೇಲೆ ಜಾಳಿಗೆ ಮುಚ್ಚಿ, ಸಣ್ಣ ಸ್ಕ್ರೂ ಹಾಕಿ ವಸಡು ಹೊಲೀತಾರೆ. ವಸಡು ಒಳಗೆ ಕುಸೀಬಾರ್ದು, ತೂತಿನಿಂದ ರಕ್ತ ಓಡಾಡ್ಬೇಕು, ಅದಕ್ಕೇ ಜಾಳಿಗೆ. ಆರು ತಿಂಗಳೋ ಇನ್ನೂ ಜಾಸ್ತಿನೋ ಕಾಯ್ಬೇಕು. ಟೈಟಾನಿಯಂ ಕರಗಲ್ಲ, ಹಾಗಾಗಿ ಮತ್ತೆ ವಸಡು ಕೊಯ್ದು ತೆಗೀಬೇಕು, ಈ ಎರಡನೇ ಆಪರೇಷನ್ ವಿಷ್ಯ ನಮಗೆ ಗೊತ್ತಾಗಿದ್ದು ಆಮೇಲೆ. ಜಾಳಿಗೆ ಬದಲು ಕೊಲಾಜೆನ್ ಅನ್ನೋ ಪ್ರೋಟೀನಿಂದ ಮಾಡಿದ, ತಾನೇ ಕರಗೋ ಪೊರೆನೂ ಇದೆ, ಆದ್ರೆ ಮೆತ್ತಗಿರೋದ್ರಿಂದ ದೊಡ್ಡ ಹಳ್ಳಕ್ಕೆ ಅದೊಂದೇ ಸಾಲಲ್ಲ.

ಇನ್ನೊಂದು ಮಾತು. ಆ ಪುಡಿ ಎಷ್ಟೋ ಸಲ ದನದ ಮೂಳೆಯಿಂದ ಮಾಡಿದ್ದು, ಕೊಲಾಜೆನ್ ಪೊರೆ ಹಂದಿದೋ ದನದ್ದೋ ಇರ್ತದೆ. ನಮ್ಮಂಥ ಸಸ್ಯಾಹಾರಿ ಮನೆಯವ್ರಿಗೂ ಭಟ್ಕಳದ ಮುಸ್ಲಿಂ ಮನೆಯವ್ರಿಗೂ ಇದು ಸಣ್ಣ ವಿಷ್ಯ ಅಲ್ಲ. ಸಿಂಥೆಟಿಕ್ ಪುಡಿ ಇದೆ, ರೋಗಿಯದ್ದೇ ಮೂಳೆ ಕೆರೆದು ತೆಗೀಬಹುದು, ಮೊದ್ಲೇ ಹೇಳಿದ್ರೆ ಆರಿಸ್ಕೋಬಹುದಲ್ಲ?

ಮೆಶ್ ಹಾಕಿದ ಮೂರನೇ ವಾರ ಆಯಿ ನಾಲಿಗೆಗೆ ಏನೋ ಚುಚ್ತದೆ ಅಂದ್ಳು. ಟಾರ್ಚ್ ಹಾಕಿ ನೋಡಿದ್ರೆ ಕೆಂಪು ವಸಡಿನ ನಡುವೆ ಅಕ್ಕಿಕಾಳಷ್ಟು ಬೂದಿ ಬಣ್ಣದ ಲೋಹ ಮಿಂಚ್ತಿತ್ತು, ನನ್ನ ಕೈ ನಡುಗಿಹೋಯ್ತು. ಮೆಶ್ ಹೀಗೆ ಹೊರಗೆ ಬರೋದು ಇದ್ರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣೋ ತೊಂದರೆಯಂತೆ, ಸೋಂಕಾದ್ರೆ ಬೆಳೆದ ಮೂಳೆನೂ ಹೋಗ್ಬಹುದು. ತಂಬಾಕು ವಸಡಿಗೆ ರಕ್ತ ಕಮ್ಮಿ ಮಾಡ್ತದೆ, ಗಾಯ ಬೇಗ ಮಾಗಲ್ಲ. ಆಯಿ ಮೂವತ್ತು ವರ್ಷದಿಂದ ಹೊಗೆಸೊಪ್ಪು ಹಾಕಿ ಕವಳ ತಿಂತಾಳೆ, ಅದನ್ನ ಒಬ್ರೂ ಕೇಳ್ಲಿಲ್ಲ.

ಹಲ್ಲು ಕಿತ್ತ ಒಂದು ವರ್ಷದಲ್ಲಿ ಅಲ್ಲಿನ ಮೂಳೆ ಅಗಲ ಸುಮಾರು ಅರ್ಧ ಸವೀತದೆ, ಅದ್ರಲ್ಲೂ ಹೆಚ್ಚು ಮೊದಲ ಮೂರು ತಿಂಗಳಲ್ಲೇ. ಇದನ್ನ ಹಲ್ಲು ಕೀಳೋ ದಿನನೇ ಹೇಳ್ಬೇಕು. ನಮ್ಮ ಜಿಲ್ಲೆ ದಂತವೈದ್ಯರಲ್ಲಿ ಕೇಳ್ಕೊಳ್ಳೋದು ಇಷ್ಟೇ, ಒಪ್ಪಿಗೆ ಕಾಗದ ಕನ್ನಡದಲ್ಲಿ ಕೊಡಿ, ಎಷ್ಟು ಆಪರೇಷನ್, ಎಷ್ಟು ದುಡ್ಡು, ಪುಡಿ ಯಾವುದ್ರದ್ದು ಅಂತ ಅದ್ರಲ್ಲಿ ಬರೀರಿ. ಮುಂದಿನ ತಿಂಗಳು ಡಾಕ್ಟ್ರು ಆಯಿಯ ಮೆಶ್ ತೆಗೀತಾರೆ, ಆಯಿ ಈ ಸಲ ಕಾಗದ ಪೂರ್ತಿ ಓದಿ ಹೇಳೋ ತನಕ ಸಹಿ ಹಾಕಲ್ಲ ಅಂದಿದ್ದಾಳೆ.

ಒಬ್ಬ ಓದುಗ, ಶಿರಸಿ